ಮೆಟ್ಟಿಲು ಬಿಟ್ಟು ಹತ್ತುವವರು

ಚಳಿಗಾಲ ಬಂತೆಂದರೆ ಬಾದಾಮಿಯ ಮರಳುಗಲ್ಲಿನ ಬಂಡೆ ಹತ್ತಲು ವಿದೇಶಿಯರು ಬಂದಿಳಿಯುತ್ತಾರೆ. ಸೊಂಟಕ್ಕೆ ಹಗ್ಗ, ಅಂಗೈಗೆ ಬಿಳಿ ಪುಡಿ. ಕೆಳಗೆ ಕುಂತ ನಮ್ಮ ಹಿರಿಯರಿಗೆ ಒಂದೇ ಚಿಂತೆ: "ಅಲ್ಲೋ ತಮ್ಮಾ, ಆ ಕಡೆ ಮೆಟ್ಟಲಾ ಅದಾವಲ್ಲ?"

ಬಂದ ಹೊಸತರಲ್ಲಿ ಖಡಕ್ ರೊಟ್ಟಿಗೆ ಚಾಕು ಹುಡುಕಿದವರು, ಹೊರಡುವಷ್ಟರಲ್ಲಿ ಗುರೆಳ್ಳು ಚಟ್ನಿ ಸಾಲಲಿಲ್ಲವೆಂದು ಮುನಿಸಿಕೊಳ್ಳುತ್ತಾರೆ. ಮಂಗಗಳಿಗೆ ಈ ತರಬೇತಿ ಬೇಕಿಲ್ಲ. ಅವಕ್ಕೆ ಬಾಗಲಕೋಟೆಯ ಬಾಳೆಹಣ್ಣೂ ಒಂದೇ, ಬರ್ಲಿನ್ನಿನವನ ಕೈಚೀಲವೂ ಒಂದೇ.

ಹೊರಗಿನವರು ನಮ್ಮನ್ನು ದಿಟ್ಟಿಸಿ ನೋಡುವುದು ಹೊಸತೇನಲ್ಲ. ಏಳನೇ ಶತಮಾನದಲ್ಲಿ ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗ್ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ. ಇಲ್ಲಿಯವರು ಉಪಕಾರ ಮರೆಯರು, ಅಪಮಾನವನ್ನಂತೂ ಮರೆಯುವ ಮಾತೇ ಇಲ್ಲ, ಸೇಡಿಗೂ ಮುಂಚಿತವಾಗಿ ತಿಳಿಸಿಯೇ ಬರುತ್ತಾರೆ ಎಂಬರ್ಥದಲ್ಲಿ ಬರೆದಿಟ್ಟ. (ನಮ್ಮ ಹೊಲದ ಬದುವಿನ ಜಗಳ ನೋಡಿದವರು ಅಲ್ಲಗಳೆಯಲಾರರು.) ಹುನಗುಂದದ ಪಕ್ಕದ ಐಹೊಳೆಯಲ್ಲಿ 634ರಲ್ಲೇ ಶಾಸನ ಬರೆಸಿದ ಆಸ್ಥಾನಕವಿ ರವಿಕೀರ್ತಿ, ಪಾಪ, ಪುಲಕೇಶಿಯ ಹೊಗಳಿಕೆಯಲ್ಲೇ ಮುಳುಗಿದ್ದ.

ಸೋತ ಸೇನಾಪತಿಗೆ ಹೆಂಗಸರ ಬಟ್ಟೆ ಕೊಡುತ್ತಾರೆಂದೂ ಆ ಯಾತ್ರಿಕ ಬರೆದಿದ್ದಾನೆ. ಆಗ ಇಳಕಲ್ ಸೀರೆ ಇರಲಿಲ್ಲವೇನೋ, ಪುಣ್ಯ. ಆ ಟೋಪ ತೆನಿ ಸೆರಗು ಕಂಡಿದ್ದರೆ ಸೇನಾಪತಿಗಳ ಹೆಂಡಂದಿರೇ ಗಂಡಂದಿರನ್ನು ಸೋತು ಬರಲು ಕಳಿಸುತ್ತಿದ್ದರು.