ದೇವರಾಜ ಅರಸು ಬಡಾವಣೆಯ ಮೀಟರ್ ಮೀಮಾಂಸೆ

ಪೀಠಿಕೆ

ಶಾಸ್ತ್ರಗ್ರಂಥ ಬರೆಯುವವರು ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಮನೆಯ ಕರೆಂಟ್ ಮೀಟರನ್ನು ಕೆಣಕುವುದು. ಪ್ರಯೋಜನ: ಏನೂ ಇಲ್ಲ, ಇಲ್ಲವೆಂದು ಸಾಧಿಸುವುದೇ ಈ ಪ್ರಬಂಧದ ಪ್ರಯೋಜನ. ಅಧಿಕಾರಿ, ಅಂದರೆ ಓದಲು ಅರ್ಹನಾದವನು: ಗೋಡೆಯಲ್ಲಿ ಮೀಟರ್, ಜೇಬಿನಲ್ಲಿ ಅಯಸ್ಕಾಂತ, ಮೊಬೈಲಿನಲ್ಲಿ ಯಾರೋ ಕಳಿಸಿದ ವಿಡಿಯೊ ಇರುವ ಗೃಹಸ್ಥ. ಸಂಬಂಧ: ಸದರಿ ಗೃಹಸ್ಥನಿಗೂ ಬೆಸ್ಕಾಂ ಜಾಗೃತ ದಳಕ್ಕೂ ಮುಂದೆ ಏರ್ಪಡಲಿರುವಂಥದ್ದು.

ಇನ್ನು ಕ್ಷೇತ್ರಮಹಿಮೆ. ದಾವಣಗೆರೆ 2016ರ ಜನವರಿಯಲ್ಲೇ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿ ಸೇರಿತು. ಊರು ಸ್ಮಾರ್ಟ್ ಆದ ಒಂಬತ್ತು ವರ್ಷಕ್ಕೆ ಮೀಟರಿಗೂ ಆ ಯೋಗ ಬಂತು: 2025ರ ಫೆಬ್ರುವರಿ 15ರಿಂದ ಬೆಸ್ಕಾಂ ವ್ಯಾಪ್ತಿಯ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ. ಸಾವಿರ ರೂಪಾಯಿ ಆಸುಪಾಸಿನಲ್ಲಿದ್ದ ಸಿಂಗಲ್ ಫೇಸ್ ಮೀಟರ್ ಐದು ಸಾವಿರದ ಹತ್ತಿರ ಹೋಯಿತು, ಮರುತಿಂಗಳೇ ವಿಧಾನಸಭೆಯಲ್ಲಿ ಗದ್ದಲವಾಯಿತು. ಈ ಊರಿನ ಅರಸು ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿರುವವನು ತನ್ನ ದುಡ್ಡಿನಲ್ಲೇ ಅದನ್ನು ತಂದು ಗೋಡೆಗೆ ಕೂರಿಸಿಕೊಂಡ. ಐದು ಸಾವಿರ ಕೊಟ್ಟು ತಂದ ವಸ್ತುವಿಗೆ ತಾನೇ ತೂತು ಕೊರೆಯಲು ಹೊರಡುವ ಮನಃಸ್ಥಿತಿ ವಿದ್ವತ್‌ಲೋಕದ ಗಮನಕ್ಕೆ ಈವರೆಗೆ ಬಾರದಿರುವುದು ಸೋಜಿಗ.

ಯುಗವಿಭಾಗ

ಮೀಟರ್ ಚರಿತ್ರೆಯಲ್ಲಿ ಎರಡು ಯುಗ. ಮೊದಲನೆಯದು ಚಕ್ರಯುಗ. ಹಂಗೇರಿಯ ಒಟ್ಟೊ ಬ್ಲಾಥಿ 1889ರಲ್ಲಿ ಪೇಟೆಂಟ್ ಪಡೆದ ಮಾದರಿಯ ಮೀಟರ್ ಅದು. ಗಾಜಿನ ಹಿಂದೆ ಅಲ್ಯೂಮಿನಿಯಂ ಬಿಲ್ಲೆ ತಿರುಗುತ್ತಿತ್ತು. ಇಸ್ತ್ರಿಪೆಟ್ಟಿಗೆ ಹಾಕಿದರೆ ಓಡುತ್ತಿತ್ತು, ಆರಿಸಿದರೆ ತೆವಳುತ್ತಿತ್ತು. ಅದಕ್ಕೆ ನೆನಪಿರಲಿಲ್ಲ. ನಿನ್ನೆ ಯಾರು ಮುಟ್ಟಿದರು, ಯಾವ ಹೊತ್ತಿನಲ್ಲಿ ಬಿಲ್ಲೆ ನಿಂತಿತು ಎಂದು ಕೇಳಿದರೆ ಪಾಪ, ಏನೂ ಹೇಳುತ್ತಿರಲಿಲ್ಲ. ಮೀಟರ್ ರೀಡರ್ ಬರುವ ದಿನ ಸೀಲ್ ಸರಿಯಾಗಿ ಕಂಡರೆ ಸಾಕು, ಗೃಹಸ್ಥ ಸಜ್ಜನ.

ಎರಡನೆಯದು ದಿನಚರಿಯುಗ. ಸ್ಮಾರ್ಟ್ ಮೀಟರಿನಲ್ಲಿ ತಿರುಗುವುದೇನೂ ಇಲ್ಲ. ಪರದೆಯಲ್ಲಿ ಅಂಕಿ ಒಂದರ ಹಿಂದೊಂದು ಬದಲಾಗುತ್ತವೆ, ಪಕ್ಕದಲ್ಲಿ ಪುಟ್ಟ ಕೆಂಪು ದೀಪ ಮಿಣುಕುತ್ತದೆ. ಕೆಲವು ಮೀಟರುಗಳಲ್ಲಿ ಒಂದು ಯೂನಿಟ್‌ಗೆ 3200 ಮಿಣುಕು. ಒಳಗೆ ಅದು 15 ಅಥವಾ 30 ನಿಮಿಷಕ್ಕೊಮ್ಮೆ ಬಳಕೆಯನ್ನು ಬರೆದಿಟ್ಟುಕೊಳ್ಳುತ್ತದೆ. ಮುಚ್ಚಳ ತೆರೆದರೆ ತಾರೀಕು, ಗಂಟೆ, ನಿಮಿಷದ ಸಮೇತ ಬರೆಯುತ್ತದೆ; ಕರೆಂಟ್ ಇಲ್ಲದಾಗ ತೆರೆದರೂ ಒಳಗಿನ ಬ್ಯಾಟರಿಯ ಬಲದಿಂದ ಬರೆಯುತ್ತದೆ. ಲೋಡ್ ಶೆಡ್ಡಿಂಗ್ ಹೊತ್ತಿನಲ್ಲಿ ಕೈ ಹಾಕಿದರೆ ಗೊತ್ತಾಗದು ಎಂಬ ಪ್ರಾಚೀನರ ಮತ ಇಲ್ಲಿಗೆ ಖಂಡಿತವಾಯಿತು.

ಪೂರ್ವಪಕ್ಷ

ಇಷ್ಟಾದರೂ ಕೆಣಕುವವರು ಏಕೆ ಕೆಣಕುತ್ತಾರೆ? ಇದಕ್ಕೆ ಕಟ್ಟೆಯ ವಿದ್ವಾಂಸರು ಮಂಡಿಸುವುದು ‘201ನೇ ಯೂನಿಟ್ ವಾದ’. 1979–80ರಲ್ಲಿ ಶುರುವಾದ ಭಾಗ್ಯಜ್ಯೋತಿ ಬಡವರ ಗುಡಿಸಲಿಗೆ ಒಂದು ಬಲ್ಬು ಕೊಟ್ಟಿತ್ತು. 2023ರ ಜುಲೈನಿಂದ ಗೃಹಜ್ಯೋತಿ 200 ಯೂನಿಟ್ ಒಳಗಿನ ಮನೆಗಳಿಗೆ, ಹಿಂದಿನ ವರ್ಷದ ಸರಾಸರಿಯ ಮೇಲೆ ಶೇ 10 ಸೇರಿಸಿ, ಉಚಿತ ಮಾಡಿತು. ಆದರೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 2025–26ರ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. 200 ಯೂನಿಟ್‌ವರೆಗೂ ಅರ್ಹತೆಯಿರುವ ಮನೆಯಲ್ಲಿ 200ಕ್ಕೆ ಶೂನ್ಯ ಬಿಲ್, 201ಕ್ಕೆ 1,165 ರೂಪಾಯಿ 80 ಪೈಸೆ. ನಿಗದಿತ ಶುಲ್ಕ, ತೆರಿಗೆ ಬೇರೆ. ಭೂಲೋಕದಲ್ಲಿ ಇಷ್ಟು ದುಬಾರಿಯಾದ ಒಂದು ಯೂನಿಟ್ ಮತ್ತೊಂದಿಲ್ಲವಾದ್ದರಿಂದ ಅದನ್ನು ಹುಟ್ಟದಂತೆ ತಡೆಯುವುದೇ ಗೃಹಸ್ಥಧರ್ಮ ಎಂಬುದು ಪೂರ್ವಪಕ್ಷಿಗಳ ಅಂಬೋಣ.

ವಾದಕ್ಕೆ ತೂಕವಿದೆ. ಆದರೆ ಆ ಯೂನಿಟ್ಟನ್ನು ತಡೆಯಲು ಗೀಸರ್ ಹತ್ತು ನಿಮಿಷ ಮೊದಲು ಆರಿಸಬಹುದು ಎಂಬ ಉಪಾಯ ಪೂರ್ವಪಕ್ಷಿಗಳ ಯಾವ ಗ್ರಂಥದಲ್ಲೂ ಕಾಣುವುದಿಲ್ಲ.

ಪಂಥಭೇದ

ಕೆಣಕುವವರಲ್ಲಿ ಮುಖ್ಯವಾಗಿ ಮೂರು ಪಂಥ.

ಮೊದಲನೆಯವರು ಅಯಸ್ಕಾಂತಿಗಳು. ದೇಶಕ್ಕೇ ಲೇತ್ ಯಂತ್ರ ಮಾಡಿಕೊಟ್ಟ ಹರಿಹರದ ನೆರೆಯಲ್ಲಿದ್ದೂ ಇವರ ಯಂತ್ರಜ್ಞಾನ ಒಂದು ಅಯಸ್ಕಾಂತದ ತುಂಡಿಗೆ ನಿಂತಿದೆ. ನಮ್ಮ ದೇಶದ ಮೀಟರುಗಳ ನಿಯಮ ಸ್ಪಷ್ಟ: ಮೀಟರ್ ಅಯಸ್ಕಾಂತಕ್ಕೆ ಜಗ್ಗಬಾರದು, ಜಗ್ಗುವಂತಿದ್ದರೆ ಆ ಹೊತ್ತಿನಲ್ಲಿ ಗರಿಷ್ಠ ಕರೆಂಟ್ ಹರಿಯುತ್ತಿದೆ ಎಂದೇ ಲೆಕ್ಕ ಬರೆಯಬೇಕು. 5–30 ಆಂಪಿಯರ್ ಮೀಟರಿಗೆ 230 ವೋಲ್ಟ್‌ನಲ್ಲಿ ಅದು 6.9 ಕಿಲೋವ್ಯಾಟ್. ಒಂದು ಹಗಲು ಒಂದು ರಾತ್ರಿ ಅಯಸ್ಕಾಂತ ಅಂಟಿಕೊಂಡಿದ್ದರೆ, ಮನೆಮಂದಿಯೆಲ್ಲ ದೀಪ ಆರಿಸಿ ಕತ್ತಲಲ್ಲಿ ಕೂತಿದ್ದರೂ, 165ಕ್ಕೂ ಹೆಚ್ಚು ಯೂನಿಟ್. ಗೃಹಜ್ಯೋತಿಯ ಕೋಟಾ ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ. ಮಂಡಕ್ಕಿ ಕೊಳ್ಳಲು ಹೋದವನು ಅಂಗಡಿಯವನ ತಕ್ಕಡಿಯನ್ನು ಕದ್ದು ಒತ್ತುವಾಗ ತಪ್ಪು ತಟ್ಟೆ ಒತ್ತಿದ ಹಾಗೆ.

ಜಾಗೃತ ದಳದೊಂದಿಗೆ ಈ ಪಂಥದವರ ಶಾಸ್ತ್ರಾರ್ಥ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

“ಏನ್ರೀ ಯಜಮಾನ್ರೇ, ಮೀಟರಿಗೆ ಏನಾರ ತಗಲಿಸಿದ್ರೇನು?”

“ಇಲ್ಲ ಸರ. ಹುಡುಗ್ರು ಫ್ರಿಜ್ಜಿನ ಗೊಂಬಿ ಅಂಟಿಸಿರ್ಬೇಕು ನೋಡ್ರಿ.”

“ಬರೇ ರಾತ್ರಿ ಹತ್ತರಿಂದ ಬೆಳಗ್ಗೆ ಐದರ ತಂಕ ಅಂಟಿಸ್ತಾರೇನ್ರಿ ಹುಡುಗ್ರು?”

ಎರಡನೆಯವರು ಭೂಶರಣರು. ನ್ಯೂಟ್ರಲ್ ತಂತಿಯನ್ನು ತೊರೆದು ಭೂಮಿತಾಯಿಯನ್ನು ನಂಬುವವರು. ಈಗಿನ ಮೀಟರ್ ಎರಡೂ ತಂತಿಗಳ ಕರೆಂಟ್ ಅಳೆದು, ಯಾವುದು ಹೆಚ್ಚೋ ಅದಕ್ಕೇ ಬಿಲ್ ಹಾಕುತ್ತದೆ. ಭೂಮಿತಾಯಿಯೂ ಎಲ್ಲ ಭಕ್ತರನ್ನು ಒಂದೇ ರೀತಿ ಕಾಯುವುದಿಲ್ಲ. ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ದುರ್ಬಲವಾದಾಗ ಹರಿಯಬೇಕಾದ ಕರೆಂಟ್ ನಲ್ಲಿಯ ಕಬ್ಬಿಣಕ್ಕೆ, ವಾಷಿಂಗ್ ಮೆಷಿನ್ ಮೈಗೆ ಬರುತ್ತದೆ. ಆಗ ಒದ್ದೆ ಕೈಯಲ್ಲಿ ಅದನ್ನು ಮುಟ್ಟುವವರು ಬಚ್ಚಲಿಗೆ ಹೋದ ಮುದುಕಿಯೋ ಪಕ್ಕದ ಮನೆಯ ಮಗುವೋ ಆಗಿರುತ್ತಾರೆ. ಈ ಜಾಗದಲ್ಲಿ ಅಣಕು ಪ್ರಬಂಧಕಾರನಿಗೂ ನಗು ಬರುವುದಿಲ್ಲ.

ಮೂರನೆಯವರು ಉದ್ಘಾಟಕರು, ಸೀಲ್ ಮುರಿದು ಒಳಗೆ ನೋಡುವವರು. ಇವರಿಗೆ ಒಂದೇ ಮಾತು ತಿಳಿದಿದ್ದರೆ ಸಾಕು. ಮನೆಯ ಮೇನ್ ಸ್ವಿಚ್ ಆರಿಸಿದರೆ ಮೀಟರಿನಿಂದ ಮನೆಯೊಳಗೆ ಹೋಗುವ ಕರೆಂಟ್ ಮಾತ್ರ ನಿಲ್ಲುತ್ತದೆ. ಕಂಬದಿಂದ ಮೀಟರಿಗೆ ಬರುವ ತಂತಿಯಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಬದುಕಿ ಹೊರಬಂದರೂ ಸಡಿಲ ಬಿಟ್ಟ ಸ್ಕ್ರೂ ಏಸಿ ಲೋಡಿಗೆ ಕಾದು, ಕರಗಿ, ಬೋರ್ಡಿಗೇ ಬೆಂಕಿ ಹತ್ತಬಹುದು.

ಈ ವಿದ್ಯೆ ನಮ್ಮೂರಿನದೇ ಅಲ್ಲ. ಪೋರ್ಟೊರಿಕೊದಲ್ಲಿ ಸ್ಮಾರ್ಟ್ ಮೀಟರುಗಳ ಲೆಕ್ಕ ತಿದ್ದುತ್ತಿದ್ದುದನ್ನು ಅಮೆರಿಕದ ಎಫ್‌ಬಿಐ 2010ರಲ್ಲೇ ವರದಿ ಮಾಡಿತ್ತು. ತಿದ್ದುತ್ತಿದ್ದವರಲ್ಲಿ ಮೀಟರ್ ಕಂಪನಿಯಲ್ಲಿ, ವಿದ್ಯುತ್ ಸಂಸ್ಥೆಯಲ್ಲಿ ಕೆಲಸ ಮಾಡಿದವರೇ ಇದ್ದಾರೆಂಬುದು ಅದರ ಅನುಮಾನ.

ದಂಡನೀತಿ

ಈಗ ಗಣಿತ. ತಿಂಗಳಿಗೆ 100 ಯೂನಿಟ್ ಕದ್ದ ಒಬ್ಬ ಕಲ್ಪಿತ ಗೃಹಸ್ಥನನ್ನು ತೆಗೆದುಕೊಳ್ಳೋಣ. 2025–26ರ ದರದಲ್ಲಿ ಅವನ ಲಾಭ ತಿಂಗಳಿಗೆ 580, ವರ್ಷಕ್ಕೆ 6,960 ರೂಪಾಯಿ. 2003ರ ವಿದ್ಯುತ್ ಕಾಯ್ದೆಯ 154ನೇ ಕಲಮಿನಡಿ ವಿಶೇಷ ನ್ಯಾಯಾಲಯ ಹೊರಿಸುವ ಬಾಕಿ ದರದ ಎರಡು ಪಟ್ಟಿಗಿಂತ ಕಡಿಮೆ ಇರುವಂತಿಲ್ಲ: 13,920. 135ನೇ ಕಲಮಿನಡಿ 10 ಕಿಲೋವ್ಯಾಟ್ ಮೀರದ ಲೋಡಿಗೆ ಮೊದಲ ಸಲ ದಂಡ ಹಾಕಿದರೆ ಲಾಭದ ಮೂರು ಪಟ್ಟಾದರೂ ಹಾಕಬೇಕು: 20,880. ಒಟ್ಟು 34,800. ಅಂದರೆ ಕದ್ದ ಕರೆಂಟಿಗೆ ಯೂನಿಟ್‌ಗೆ 29 ರೂಪಾಯಿ. ನಿಯತ್ತಾಗಿ ಕಟ್ಟುವ ಪಕ್ಕದ ಮನೆಯವನಿಗೆ ಅದೇ ಯೂನಿಟ್ ಆ ದರದಲ್ಲಿ 5.80ಕ್ಕೆ ಸಿಗುತ್ತಿತ್ತು. ಕಳ್ಳಮಾಲು ಅಂಗಡಿ ಮಾಲಿಗಿಂತ ಐದು ಪಟ್ಟು ತುಟ್ಟಿಯಾಗಿರುವ ಏಕೈಕ ವ್ಯಾಪಾರ ಇದು.

ಮೂರು ವರ್ಷದವರೆಗಿನ ಜೈಲು ಈ ಲೆಕ್ಕದಲ್ಲಿ ಸೇರಿಲ್ಲ. ಎರಡನೇ ಸಲ ಸಿಕ್ಕರೆ ಮೂರು ಪಟ್ಟು ಆರು ಪಟ್ಟಾಗುತ್ತದೆ. ದಂಡ ಕಟ್ಟಿ ರಾಜಿಯಾಗುವ ಅವಕಾಶ ಜನ್ಮಕ್ಕೆ ಒಂದೇ ಬಾರಿ. “ನಾ ಮಾಡಿಲ್ಲ, ಎಲೆಕ್ಟ್ರಿಷಿಯನ್ ಮಾಡ್ಯಾನ” ಎಂಬ ಸಾಂಪ್ರದಾಯಿಕ ಸಮಾಧಾನಕ್ಕೂ ಕಾನೂನು ಉತ್ತರ ಇಟ್ಟಿದೆ: ಮೀಟರಿನಲ್ಲಿ ಕೃತಕ ಸಾಧನ ಸಿಕ್ಕರೆ ಗ್ರಾಹಕನೇ ಮಾಡಿದ್ದು ಎಂದು ಮೊದಲು ಭಾವಿಸಲಾಗುತ್ತದೆ, ಅಲ್ಲವೆಂದು ತೋರಿಸುವ ಭಾರ ಅವನದೇ. ನೆರವಾದ ಎಲೆಕ್ಟ್ರಿಷಿಯನ್ನನಿಗೆ ಶಿಕ್ಷೆಯ ಜೊತೆ ಲೈಸೆನ್ಸ್ ನಷ್ಟವೂ ಆಗಬಹುದು.

ಫಲಶ್ರುತಿ

ಸಿದ್ಧಾಂತವಿಷ್ಟೇ. ಚಕ್ರಯುಗದಲ್ಲಿ ಮೀಟರನ್ನು ಕೆಣಕುವುದು ಅಪರಾಧವಾಗಿತ್ತು. ದಿನಚರಿಯುಗದಲ್ಲಿ ಅದು ಅಪರಾಧವೂ ಹೌದು, ದಡ್ಡತನವೂ ಹೌದು. ಕದ್ದು ದಕ್ಕಿಸಿಕೊಂಡ ಯೂನಿಟ್ ಕೂಡ ಗಾಳಿಗೆ ಹೋಗುವುದಿಲ್ಲ, ವಿತರಣಾ ನಷ್ಟವೆಂಬ ಹೆಸರಿನಲ್ಲಿ ಮುಂದಿನ ದರಪಟ್ಟಿ ಸೇರಿ ಎಲ್ಲರ ಬಿಲ್ಲಿಗೆ ಬರುತ್ತದೆ.

ಮೀಟರ್ ಜೋರಾಗಿ ಓಡುತ್ತಿದೆ ಎಂಬ ಅನುಮಾನವಿದ್ದರೆ ಆರ್.ಆರ್. ನಂಬರ್ ಬರೆದುಕೊಂಡು ಉಪವಿಭಾಗ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಿ. ಮೀಟರ್ ಬೋರ್ಡಿನಲ್ಲಿ ಸುಟ್ಟ ವಾಸನೆ ಬಂದರೆ, ನಲ್ಲಿ ಮುಟ್ಟಿದಾಗ ಜುಂ ಎಂದರೆ, 1912ಕ್ಕೆ ಫೋನ್ ಮಾಡಿ. ಅಯಸ್ಕಾಂತವಿದ್ದರೆ ಮಕ್ಕಳ ಕೈಗೆ ಕೊಡಿ, ವಿಜ್ಞಾನ ಪಾಠಕ್ಕಾದರೂ ಆದೀತು.