ಭಾವನ ಬಲಗಾಲು

ನಮ್ಮ ಭಾವ ಡಿಸೆಂಬರಿನಿಂದ ಮಾರ್ಚ್‌ವರೆಗೆ ದಿನಕ್ಕೊಂದು ಗಂಟೆ ಸೈಕಲ್ ಹೊಡೆಯುತ್ತಾರೆ. ಒಂದು ಗೇಣೂ ಮುಂದೆ ಹೋಗುವುದಿಲ್ಲ. ತಪ್ಪು ಅವರದಲ್ಲ. ಆಗ ಮಿನಿಯಾಪೊಲಿಸ್‌ನಲ್ಲಿ ಜನ ಹೆಪ್ಪುಗಟ್ಟಿದ ಕೆರೆಯ ಮೇಲೆ ಗುಡಾರ ಹಾಕಿ, ತೂತು ಕೊರೆದು ಮೀನು ಹಿಡಿಯುತ್ತಿರುತ್ತಾರೆ. ಮೈನಸ್ 20ರಲ್ಲಿ ಬೀದಿಗಿಳಿದರೆ ಮೂಗು ಇದೆಯೋ ಇಲ್ಲವೋ ಮುಟ್ಟಿ ನೋಡಿಕೊಳ್ಳಬೇಕು. ಹಾಗಾಗಿ ಬೇಸ್‌ಮೆಂಟಿನಲ್ಲಿ, ವಾಷಿಂಗ್ ಮೆಷಿನ್ ಪಕ್ಕ, ಹಿಂಚಕ್ರ ಕಳಚಿ ಟ್ರೈನರ್‌ಗೆ ಕೂರಿಸಿದ ಸೈಕಲ್. ಎದುರಿನ ಟಿವಿಯಲ್ಲಿ ಸೈಕ್ಲಿಂಗ್ ಆ್ಯಪ್ ಜ್ವಿಫ್ಟ್‌ನ ವಟೋಪಿಯಾ ಎಂಬ ಇಲ್ಲದ ದ್ವೀಪ. ಹೊರಗೆ ಹಿಮ ಸುರಿಯುತ್ತಿದ್ದರೆ ಒಳಗೆ ಭಾವ ಬನಿಯನ್ ಹಾಕಿಕೊಂಡು, ಫ್ಯಾನ್ ಎದುರು ಬೆವರಿನಲ್ಲಿ ತೊಯ್ದು ಆ ದ್ವೀಪ ಸುತ್ತುತ್ತಿರುತ್ತಾರೆ.

ಆಗ ಮಾತಾಡಿಸಬಾರದು. ‘ಎರ್ಗ್’ ಮೋಡ್ ಹಾಕಿದರೆ ಟ್ರೈನರ್ ಇಷ್ಟೇ ವಾಟ್ ಬೇಕೆಂದು ಹಠ ಹಿಡಿಯುತ್ತದೆ. ಕಾಲು ನಿಧಾನವಾದಷ್ಟೂ ಪೆಡಲ್ ಬಿಗಿ, ಬಿಗಿಯಾದಷ್ಟೂ ಕಾಲು ನಿಧಾನ, ಕೊನೆಗೆ ಕೆಸರಿಗೆ ಸಿಕ್ಕ ಎತ್ತಿನಗಾಡಿ. ಅಕ್ಕ ಮೆಟ್ಟಿಲ ಮೇಲಿಂದ “ರೀ, ಸಾರಿಗೆ ಉಪ್ಪು ಸಾಕಾ ನೋಡ್ಬನ್ನಿ” ಅಂದ ದಿನ ಹಾಗೇ ಆಯಿತು. ಎರಡು ದಿನ ಮಾತಿಲ್ಲ.

ಮನೆಗೆ ಬಂದವರಿಗೆ ಕಾಫಿಗಿಂತ ಮುಂಚೆ ಪವರ್ ಮೀಟರ್ ದರ್ಶನ. “1986ರಲ್ಲಿ ಜರ್ಮನಿಯ ಇಂಜಿನಿಯರ್ ಉಲ್ರಿಚ್ ಶೋಬರರ್...” ಎಂದು ಸಂಕಲ್ಪ ಶುರು. ತುಳಿದಾಗ ಕ್ರ್ಯಾಂಕ್ ಕಣ್ಣಿಗೆ ಕಾಣದಷ್ಟು ಬಾಗುತ್ತದಂತೆ, ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್ ಎಂಬ ಪಟ್ಟಿ ಆ ಬಾಗನ್ನು ಹಿಡಿಯುತ್ತದಂತೆ, ತಿರುಗುವ ವೇಗದಿಂದ ಗುಣಿಸಿದರೆ ವಾಟ್. ಮುಂಚೆ ಯಾರೇ ಸಿಗಲಿ, “ನಿಮ್ಮ ಸೈಟು ಎಷ್ಟು ಸ್ಕ್ವೇರ್ ಫೀಟು?” ಅನ್ನುತ್ತಿದ್ದ ಮನುಷ್ಯ, ಈಗ “ನಿಮ್ಮ ಎಫ್‌ಟಿಪಿ ಎಷ್ಟು?” ಅನ್ನುತ್ತಾರೆ. 20 ನಿಮಿಷ ಪ್ರಾಣ ಹೋಗುವ ಹಾಗೆ ತುಳಿದು, ಬಂದ ಸರಾಸರಿಯಲ್ಲಿ ನೂರಕ್ಕೆ ಐದು ಕಳೆದರೆ ಅದೇ ಎಫ್‌ಟಿಪಿ. ಭಾವನದು 242ರಲ್ಲಿ ಕಳೆದು 230.

“ಅಡುಗೆಮನೆ ಮಿಕ್ಸೀನೇ 750 ವಾಟು,” ಅಕ್ಕ ಅಂದಳು. “ನಿಮ್ಮಂಥೋರು ಮೂರು ಜನ ಸೇರಿದ್ರೂ ಚಟ್ನಿ ಆಗಲ್ಲ. ಎರಡು ಕಾಲಲ್ಲಿ ಗಂಟೆ ಹೊತ್ತು ತುಳಿದ್ರೂ ಕಾಲು ಯೂನಿಟ್ ಕರೆಂಟಿಲ್ಲ.”

ಭಾವ ಲೆಕ್ಕ ಹಾಕಿ ನೋಡಿದರು. ನಿಜ. 0.23.

ಇನ್ನೊಂದು ರೋಗ, ವಾಟನ್ನು ತೂಕದಿಂದ ಭಾಗಿಸುವುದು. 78 ಕೆಜಿಗೆ 2.95 ಬರುತ್ತದೆ, ಮೂರು ಮುಟ್ಟಬೇಕು. ವಾಟ್ ಏರಿಸುವುದಕ್ಕಿಂತ ತೂಕ ಇಳಿಸುವುದು ಸುಲಭ ಅಂತ ತೀರ್ಮಾನಿಸಿದ್ದು ಧನುರ್ಮಾಸದಲ್ಲಿ. ಅಕ್ಕ ಬಡಿಸಿದ ಹುಗ್ಗಿಯ ತುಪ್ಪವನ್ನು ಚಮಚದಿಂದ ಪಕ್ಕಕ್ಕೆ ತಳ್ಳುತ್ತಾರೆ. ಗೋಡಂಬಿ ಮಾತ್ರ ಲೆಕ್ಕಕ್ಕಿಲ್ಲ.

ನಿಜವಾದ ಆಘಾತ ಆದದ್ದು ಜನವರಿಯಲ್ಲಿ. ಅಲ್ಲಿಯವರೆಗೆ ಇದ್ದದ್ದು ಎಡಗಡೆ ಮಾತ್ರ ಅಳೆಯುವ ಅಗ್ಗದ ಮೀಟರು. ಬಲಗಾಲೂ ಅಷ್ಟೇ ದುಡಿಯುತ್ತಿದೆ ಎಂದು ನಂಬಿ ಎರಡರಿಂದ ಗುಣಿಸುವುದಷ್ಟೇ ಅದಕ್ಕೆ ಗೊತ್ತು. ಎರಡೂ ಕಡೆಯದನ್ನು ತಂದು ಹಾಕಿದಾಗ ಗುಟ್ಟು ರಟ್ಟಾಯಿತು: ನೂರಕ್ಕೆ ಎಡ 54, ಬಲ 46. ಎಡಗಾಲಿನ 115ಕ್ಕೆ ಬಲಗಾಲಿನ 98 ಕೂಡಿದರೆ 213.

“ಹದಿನೇಳು ಹೋಯ್ತು,” ಎಂದು ಭಾವ ಸೋಫಾದ ಮೇಲೆ ಕುಸಿದರು. ಆ ಹೊತ್ತಿಗೆ ತಿಪಟೂರಿನಿಂದ ಅಮ್ಮನ ಫೋನು.

“ಯಾರು ಹೋದ್ರು?”

“ಯಾರೂ ಇಲ್ಲಮ್ಮ, ಇವರ ಬಲಗಾಲಲ್ಲಿ ಶಕ್ತಿ ಇಲ್ವಂತೆ.”

“ಅಯ್ಯೋ, ಅಳಿಯಂದ್ರಿಗೆ ಕಾಲು ಬಿದ್ದೋಯ್ತಾ?”

ಸ್ಟ್ರೇನ್ ಗೇಜ್ ಎಂದರೇನೆಂದು ಅಮ್ಮನಿಗೆ ಬಿಡಿಸಿ ಹೇಳಲು ಅಕ್ಕನಿಂದ ಆಗಲಿಲ್ಲ. ಮುಂದಿನ ತಿಂಗಳು ಆ ಕಡೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಮಹಾನಾರಾಯಣ ತೈಲದ ಎರಡು ಬಾಟಲಿ ಮಿನಿಯಾಪೊಲಿಸ್‌ಗೆ ಬಂತು. ಭಾವ ಮೊದಲು ನಕ್ಕರು. ಆಮೇಲೆ, ಅತ್ತೆ ಕಳಿಸಿದ್ದು ಹಾಳಾಗಬಾರದೆಂದು, ರಾತ್ರಿ ಬಲಗಾಲಿಗೆ ಮಾತ್ರ ತಿಕ್ಕಿಕೊಂಡರು. ಮುಂದಿನ ಟೆಸ್ಟಿನಲ್ಲಿ ಬಲ 47.

ಈಗ ಅವರ ಎಕ್ಸೆಲ್ ಶೀಟಿನಲ್ಲಿ ತೈಲಕ್ಕೂ ಒಂದು ಕಾಲಂ ಇದೆ, ಮಿಲಿಲೀಟರ್ ಲೆಕ್ಕದಲ್ಲಿ.