ಹದಿಮೂರು ವರ್ಷ ಒಬ್ಬ ಗಿರಾಕಿಯೂ ಬರಲಿಲ್ಲ ಸ್ವಾಮಿ!

ಧೋನಿಗೆ ಇನ್ನೊಂದು ವರ್ಷ ಕೊಡಬೇಕೇ ಬೇಡವೇ ಎಂಬ ಚರ್ಚೆ ಈ ಸಲವೂ ಎಂದಿನಂತೆ ಮುಗಿದಿದೆ. ಅಂದರೆ, ಶುರುವೇ ಆಗದೆ ಮುಗಿದಿದೆ. ಚೆನ್ನೈ ಸೂಪರ್ ಕಿಂಗ್ಸ್ 2026ರ ಸೀಸನ್ನಿಗೆ ಉಳಿಸಿಕೊಂಡವರ ಪಟ್ಟಿ ಬಿಟ್ಟಿತು. ಅದರಲ್ಲಿ ನಲವತ್ನಾಲ್ಕರ ಧೋನಿ ಇದ್ದರು, ಹೆಸರಿನ ಮುಂದೆ ನಾಲ್ಕು ಕೋಟಿ ಇತ್ತು. ಮೂವತ್ತಾರರ ಜಡೇಜಾ ಮಾತ್ರ ಗಂಟುಮೂಟೆ ಕಟ್ಟಿಕೊಂಡು ರಾಜಸ್ಥಾನಕ್ಕೆ ಹೊರಟಿದ್ದರು.

ಧೋನಿಯನ್ನೇ ಕೇಳೋಣವೆಂದರೆ ಅವರು ಫೋನ್ ಎತ್ತುವುದಿಲ್ಲವೆಂದು ಜೊತೆಯಲ್ಲಿ ಆಡಿದವರೇ ದೂರುತ್ತಾರೆ. ಆಡಳಿತದವರನ್ನು ಕೇಳಿದರೆ ‘ತಲ’ ಎಂದು ಕೈಮುಗಿಯುತ್ತಾರೆ. ಹಾಗಾಗಿ ಇಷ್ಟಕ್ಕೆಲ್ಲ ಕಾರಣವಾದ ನಿಯಮವನ್ನೇ ಹುಡುಕಿಕೊಂಡು ಹೋದೆ. ಅದೇ, ಐದು ವರ್ಷ ಭಾರತದ ಹನ್ನೊಂದರಲ್ಲಿ ಆಡದ, ಮಂಡಳಿಯ ಗುತ್ತಿಗೆಯೂ ಇಲ್ಲದ ಆಟಗಾರನನ್ನು ‘ಅನ್‌ಕ್ಯಾಪ್ಡ್’ (ಭಾರತಕ್ಕೆ ಆಡಿಯೇ ಇಲ್ಲದವನು) ಎಂದು ಲೆಕ್ಕಕ್ಕೆ ಹಿಡಿಯುವ ನಿಯಮ. ಕಡತಗಳ ನಡುವೆ ಕೂತು ಧೂಳಿಗೆ ಸೀನುತ್ತಿತ್ತು.

ನಾನು: ನಮಸ್ಕಾರ, ಹೇಗಿದ್ದೀರಿ?

ನಿಯಮ: ಈಗ ಕೇಳ್ತಿದ್ದೀರಲ್ಲ ಸ್ವಾಮಿ! 2008ರಲ್ಲಿ ಐಪಿಎಲ್ ಹುಟ್ಟಿದಾಗಲೇ ನಾನೂ ಹುಟ್ಟಿದೋನು. ಆಗ ಚಿಯರ್‌ಲೀಡರ್‌ಗಳ ಬಗ್ಗೆ ನಿಮ್ಮ ಪೇಪರಿನವರು ಪುಟಗಟ್ಟಲೆ ಬರೆದ್ರು. ನನ್ನ ಬಗ್ಗೆ ಒಂದು ಸಾಲು? ಅಲ್ಲಿಂದ ಹದಿಮೂರು ವರ್ಷ ಒಬ್ಬ ಗಿರಾಕಿಯೂ ಈ ಕಡೆ ತಲೆ ಹಾಕಲಿಲ್ಲ. 2021ರಲ್ಲಿ ಬಳಕೆಯಲ್ಲಿಲ್ಲ ಅಂತ ಕಿತ್ತು ಹಾಕಿದ್ರು. ಸನ್ಮಾನ ಬೇಡ, ಒಂದು ಶಾಲು ಹೊದಿಸೋಕೂ ಆಗಲಿಲ್ವಾ? ಒಂದು ಹಣ್ಣಿನ ಬುಟ್ಟಿ?

ನಾನು: ಮೂರೇ ವರ್ಷದಲ್ಲಿ ವಾಪಸ್ ಕರೆಸಿಕೊಂಡರಲ್ಲ. ಅದೂ ನಮ್ಮ ಬೆಂಗಳೂರಿನಲ್ಲಿ ಸಭೆ ಸೇರಿ.

ನಿಯಮ: 2024ರ ಸೆಪ್ಟೆಂಬರ್ 28. ಆವತ್ತು ನನ್ನ ಮೈಮೇಲಿನ ಧೂಳು ಒರೆಸಿದ್ದೂ ಅವರೇ. ಕಿತ್ತು ಹಾಕಿದ್ದು ಯಾಕೆ, ವಾಪಸ್ ತಂದಿದ್ದು ಯಾಕೆ ಅಂತ ಯಾರೂ ನನಗೆ ಹೇಳಲಿಲ್ಲ. ನಡುವಿನ ಮೂರು ವರ್ಷದ ಸರ್ವೀಸು ಹೋಯ್ತಲ್ಲ, ಅದಕ್ಕೆ ಯಾರು ಹೊಣೆ?

ನಾನು: ಯಾಕೆ ಅಂತ ಊರಿಗೆಲ್ಲ ಗೊತ್ತು. ಧೋನಿಗೋಸ್ಕರ.

ನಿಯಮ: ನನ್ನಲ್ಲಿ ಯಾರ ಹೆಸರೂ ಇಲ್ಲ, ಓದಿ ನೋಡಿ. ರಾಜಸ್ಥಾನದ ಸಂದೀಪ್ ಶರ್ಮಾ ಅವರಿಗೂ ಅದೇ ನಾಲ್ಕು ಕೋಟಿ ಕೊಡಿಸಿದೋನು ನಾನು. ಅದನ್ನ ಯಾರೂ ಬರೆಯಲ್ಲ.

ನಾನು: ಸಾಮಾನ್ಯವಾಗಿ ಐದು ವರ್ಷ ಅಂದರೆ ಐದು ವರ್ಷ. ನೀವು ‘ಐಪಿಎಲ್ ನಡೆಯುವ ವರ್ಷಕ್ಕೆ ಹಿಂದಿನ ಐದು ಕ್ಯಾಲೆಂಡರ್ ವರ್ಷ’ ಅಂತೀರಿ. ಧೋನಿ ಕೊನೆಯ ಸಲ ಭಾರತಕ್ಕೆ ಆಡಿದ್ದು 2019ರ ಜುಲೈಯಲ್ಲಿ, ಮ್ಯಾಂಚೆಸ್ಟರ್‌ನಲ್ಲಿ. ಗಪ್ಟಿಲ್ ಎಸೆದ ಚೆಂಡು, ಕ್ರೀಸಿಗೆ ಸ್ವಲ್ಪದರಲ್ಲೇ ತಪ್ಪಿದ ಬ್ಯಾಟು. 2025ಕ್ಕೆ ಹಿಂದಿನ ಐದು ಅಂದರೆ 2020ರಿಂದ 2024. ಪಂಚಾಂಗ ಬಿಚ್ಚಿ ಮುಹೂರ್ತ ಇಟ್ಟ ಹಾಗೆ ಕೂತಿದೆಯಲ್ಲ ಸ್ವಾಮಿ!

ನಿಯಮ: (ಸೀನಿ) ಲೆಕ್ಕ ಚೆನ್ನಾಗಿ ಬರುತ್ತೆ ನಿಮಗೆ. 2008ರಿಂದ 2021ಕ್ಕೆ ಎಷ್ಟಾಯ್ತು, ಅದನ್ನೂ ಹೇಳಿ.

ನಾನು: ಎರಡು ವಿಶ್ವಕಪ್ ಎತ್ತಿದ ನಾಯಕನನ್ನು ಭಾರತಕ್ಕೆ ಆಡಿಯೇ ಇಲ್ಲದ ಹುಡುಗರ ಸಾಲಿನಲ್ಲಿ ನಿಲ್ಲಿಸೋದು ನಿಮಗೆ ಮುಜುಗರ ಅನಿಸಲ್ವಾ? 2022ರಲ್ಲಿ ಅವರಿಗೆ ಹನ್ನೆರಡು ಕೋಟಿ ಇತ್ತು.

ನಿಯಮ: ಹನ್ನೆರಡು ಇದ್ದಾಗ ನನ್ನನ್ನ ಕೇಳಿದ್ರಾ? ಅವಾಗ ನಾನು ಕಸದಬುಟ್ಟೀಲಿದ್ದೆ.

ನಾನು: ಅಮೆರಿಕದಲ್ಲಿ ಇಂಥದ್ದೇ ಒಂದು ನಡೆದಿತ್ತು. ಡೆರೆಕ್ ಜೀಟರ್ ಅಂತ, ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ನಾಯಕ. ಶಾರ್ಟ್‌ಸ್ಟಾಪ್. ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ನಿಂತು, ಬಂದ ಚೆಂಡಿಗೆಲ್ಲ ಅಡ್ಡ ಓಡಬೇಕಾದ ಕೆಲಸ. ಕಾಲು ಮೊದಲು ಸೋಲೋದು ಆ ಜಾಗದಲ್ಲೇ. ಹತ್ತು ವರ್ಷದ, 189 ದಶಲಕ್ಷ ಡಾಲರಿನ ಒಪ್ಪಂದ 2010ಕ್ಕೆ ಮುಗೀತು. ಆಗ ಅವರಿಗೆ 36. ಬ್ಯಾಟಿಂಗ್ ಸರಾಸರಿ .270ಕ್ಕೆ ಇಳಿದಿತ್ತು. ಜನರಲ್ ಮ್ಯಾನೇಜರ್ ಕ್ಯಾಶ್‌ಮನ್, ಬೇಕಾದರೆ ಹೊರಗಡೆ ಬೆಲೆ ವಿಚಾರಿಸಿಕೊಂಡು ಬರಲಿ ಅಂತ ಪೇಪರಿನವರಿಗೇ ಹೇಳಿದರು. ಐದು ಸಲ ಚಾಂಪಿಯನ್ ಆದ ನಾಯಕನಿಗೆ!

ನಿಯಮ: ಅಯ್ಯಯ್ಯೋ, ಜನ ಸುಮ್ಮನಿದ್ರಾ?

ನಾನು: ಕಿತ್ತಾಡಿದರು. ಜೀಟರ್‌ಗೂ ಕೋಪ ಬಂತು, ಬಂದಿತ್ತು ಅಂತ ಮೈಕಿನ ಮುಂದೆಯೇ ಒಪ್ಪಿಕೊಂಡರು. ಕೊನೆಗೆ ಮೂರು ವರ್ಷಕ್ಕೆ 51 ದಶಲಕ್ಷಕ್ಕೆ ಕುದುರಿತು.

ನಿಯಮ: ಮೂರು ವರ್ಷ! ದುಡ್ಡು ವಸೂಲಾಯ್ತಾ?

ನಾನು: ಹೇಳೋದು ಕಷ್ಟ. 38ನೇ ವಯಸ್ಸಿನಲ್ಲಿ 216 ಹಿಟ್, ಆ ವರ್ಷ ಬೇರೆ ಯಾರೂ ಅಷ್ಟು ಹೊಡೆಯಲಿಲ್ಲ. ಅದೇ ಅಕ್ಟೋಬರಿನಲ್ಲಿ ಕಣಕಾಲು ಮುರೀತು. ಮುಂದಿನ ವರ್ಷ ಬರೀ 17 ಪಂದ್ಯ. ಅದು ಬಿಡಿ. ನಿಮಗೆ ವಯಸ್ಸಾಯ್ತು, ಇಷ್ಟು ಕೊಡ್ತೀವಿ, ಇದಕ್ಕಿಂತ ಹೆಚ್ಚು ಕೊಡಲ್ಲ ಅಂತ ಮುಖ ನೋಡಿ ಹೇಳಿದರಲ್ಲ, ಅದು ನನಗೆ ಹಿಡಿಸಿತು. ನಮ್ಮಲ್ಲಿ ಆ ಮಾತಾಡೋಕೆ ಯಾರಿಗೂ ಧೈರ್ಯವಿಲ್ಲ. ಅದಕ್ಕೇ ನಿಮ್ಮನ್ನು ಅಗೆದು ತೆಗೆದರು.

ನಿಯಮ: ಅಲ್ಲಿ ನನ್ನಂಥವರು ಇರಲಿಲ್ವಾ?

ನಾನು: ಇರಲಿಲ್ಲ.

ನಿಯಮ: ಪುಣ್ಯವಂತರು. ಅವರನ್ನ ಯಾರೂ ಕಿತ್ತು ಹಾಕಿರಲ್ಲ.

ನಾನು: ಆಟದ ವಿಚಾರಕ್ಕೆ ಬರೋಣ. 2025ರ ಮಾರ್ಚ್ 28, ಚೆಪಾಕ್, ನಮ್ಮ ಆರ್‌ಸಿಬಿ ವಿರುದ್ಧ. ನೂರ್ ಅಹ್ಮದ್ ಬೌಲಿಂಗಿನಲ್ಲಿ ಫಿಲ್ ಸಾಲ್ಟ್ ಕಾಲು ನೆಲದಿಂದ ಎದ್ದಿತೋ ಇಲ್ಲವೋ, ಧೋನಿ ಬೇಲ್ಸ್ ಹಾರಿಸಿಯಾಗಿತ್ತು. ಆ ಕೈಗಳಿಗೆ ವಯಸ್ಸಾಗಿಲ್ಲ, ನಾನೇ ಬರೆದುಕೊಡ್ತೀನಿ. ಆಮೇಲೆ ಬ್ಯಾಟಿಂಗ್. ಗುರಿ 197. ವಿಕೆಟ್ ಮೇಲೆ ವಿಕೆಟ್ ಬೀಳ್ತಾ ಇದೆ, ಮೈದಾನಕ್ಕೆ ಮೈದಾನವೇ ಮೆಟ್ಟಿಲ ಕಡೆ ನೋಡ್ತಾ ಇದೆ, ಬಂದದ್ದು ಅಶ್ವಿನ್! ಧೋನಿ ಬಂದದ್ದು ಒಂಬತ್ತನೆಯವರಾಗಿ. 16 ಎಸೆತಕ್ಕೆ ಔಟಾಗದೆ 30. ಸಿಕ್ಸರ್ ಬಿದ್ದಾಗ ಕಿವಿಗಡಚಿಕ್ಕುವ ಕೂಗು. ಚೆನ್ನೈ ಸೋತದ್ದು 50 ರನ್ನಿಂದ. ಚೆಪಾಕಿನಲ್ಲಿ ನಾವು ಗೆದ್ದದ್ದು 2008ರ ಮೇಲೆ ಅದೇ ಮೊದಲು ಅನ್ನೋದು ಬೇರೆ ಮಾತು...

ನಿಯಮ: ಬೇರೆ ಮಾತು ಅಂತ ಹೇಳಿ ಅದನ್ನೇ ಹೇಳಿದ್ರಿ.

ನಾನು: ಸಂತೋಷಕ್ಕೆ ಬಾಯಿ ತಪ್ಪಿತು. ಕೋಚ್ ಫ್ಲೆಮಿಂಗ್ ಅವರೇ ಮಂಡಿ ಮೊದಲಿನಂತಿಲ್ಲ, ಹತ್ತು ಓವರ್ ಪೂರ್ತಿ ಓಡಿ ಆಡೋಕೆ ಆಗಲ್ಲ ಅಂದರು. ಆ ವರ್ಷ ಚೆನ್ನೈ ಮೊದಲ ಬಾರಿಗೆ ಕಟ್ಟಕಡೆಯ ಸ್ಥಾನ. ಹಾಗಿದ್ದೂ 2023ರ ಫೈನಲ್ಲಿನ ಕೊನೆಯ ಎರಡು ಎಸೆತಕ್ಕೆ ಹತ್ತು ಹೊಡೆದು ಕಪ್ ತಂದುಕೊಟ್ಟ ಜಡೇಜಾ ಹೊರಗೆ. ಧೋನಿ ಬರಲಿ ಅಂತ ತಾನು ಔಟಾಗೋದನ್ನೇ ಜನ ಕಾಯ್ತಾರೆ ಅಂತ ನಗುನಗುತ್ತಾ ಹೇಳಿದ್ದರು ಪಾಪ. ಹೋಗುವಾಗ ಅವರ ಸಂಬಳ ಹದಿನೆಂಟರಿಂದ ಹದಿನಾಲ್ಕು ಕೋಟಿಗೆ ಇಳೀತು. ನಾಲ್ಕು ಕೋಟಿ ಕಡಿತ. ಎಲ್ಲೋ ಕೇಳಿದ ಅಂಕಿ ಅನಿಸಲ್ವಾ?

ನಿಯಮ: ಜಡೇಜಾ ನನ್ನ ವ್ಯಾಪ್ತಿಗೆ ಬರಲ್ಲ. ಅವರು ಇನ್ನೂ ಆಡ್ತಿದ್ದಾರೆ.

ನಾನು: ಸರಿ, ಕನ್ನಡಿಗರ ವಿಷಯಕ್ಕೆ ಬರ್ತೀನಿ.

ನಿಯಮ: ಸಂದರ್ಶನ ನನ್ನದು ಅಲ್ವಾ?

ನಾನು: ಒಂದೇ ನಿಮಿಷ. ಆರ್‌ಸಿಬಿ 2025ರಲ್ಲಿ ಕಪ್ ಗೆದ್ದ ದಿನ ಹನ್ನೊಂದು ಜನರಲ್ಲಿ ಕರ್ನಾಟಕದವರು ಯಾರಿದ್ದರು ಹೇಳಿ. ಮಯಂಕ್ ಅಗರ್ವಾಲ್ ಒಬ್ಬರೇ. ಅವರೂ ಪಡಿಕ್ಕಲ್‌ಗೆ ಗಾಯವಾಯಿತು ಅಂತ ಬದಲಿಯಾಗಿ ಬಂದವರು! ನಮ್ಮ ಪ್ರಸಿದ್ಧ್ ಕೃಷ್ಣ ಗುಜರಾತಿಗೆ 25 ವಿಕೆಟ್ ಕಿತ್ತುಕೊಟ್ಟು ಪರ್ಪಲ್ ಕ್ಯಾಪ್ ತೊಟ್ಟರು. ರಾಹುಲ್ ಡೆಲ್ಲಿಗೆ ಹೋಗಿ, ಚಿನ್ನಸ್ವಾಮಿಯಲ್ಲೇ ನಮಗೆ ಔಟಾಗದೆ 93 ಬಾರಿಸಿ, ನೆಲದ ಮೇಲೆ ಬ್ಯಾಟಿನಿಂದ ವೃತ್ತ ಎಳೆದು, ‘ಕಾಂತಾರ’ದ ಹಾಗೆ ನಡುವೆ ಬ್ಯಾಟ್ ಊರಿ ನಿಂತರು. ನಾನು ಯಾರಿಗೆ ಚಪ್ಪಾಳೆ ತಟ್ಟಬೇಕಿತ್ತು? ನೀವೇ ಹೇಳಿ. ತಂಡದ ಹೆಸರಲ್ಲಿ ಬೆಂಗಳೂರು ಇದ್ದರೆ ಸಾಕಾ?

ನಿಯಮ: ಇದು ಯಾವ ಕಲಮಿನಡಿ ಬರುತ್ತೆ?

ನಾನು: ಯಾವ ಕಲಮಿನಡಿಯೂ ಬರಲ್ಲ, ಅದೇ ನನ್ನ ಸಂಕಟ. ನಿಮ್ಮ ಕಲಮಿನಡಿ ಬಂದ ಕನ್ನಡಿಗರೊಬ್ಬರಿದ್ದಾರೆ. ಕರುಣ್ ನಾಯರ್. ನೆನಪಿದೆಯಾ?

ನಿಯಮ: ಪಟ್ಟೀಲಿ ನೋಡಿದ ಹಾಗಿದೆ. ತುಂಬಾ ಹೆಸರು ಸ್ವಾಮಿ, ನನಗೂ ವಯಸ್ಸಾಯ್ತು.

ನಾನು: ನೆನಪು ಮಾಡಿಕೊಳ್ಳಿ. 2016ರ ಡಿಸೆಂಬರ್, ಇಂಗ್ಲೆಂಡ್ ವಿರುದ್ಧ, ಇದೇ ಚೆಪಾಕಿನಲ್ಲಿ, ಔಟಾಗದೆ 303. ಭಾರತದಲ್ಲಿ ಟೆಸ್ಟ್ ತ್ರಿಶತಕ ಹೊಡೆದವರು ಇಬ್ಬರೇ, ಸೆಹ್ವಾಗ್ ಮತ್ತು ಇವರು. ಮುಂದಿನ ಟೆಸ್ಟಿಗೇ ಹೊರಗೆ ಕೂರಿಸಿದರು. 2017ರ ಮಾರ್ಚ್ ಆದ ಮೇಲೆ ವರ್ಷಗಟ್ಟಲೆ ಆಡಿಸಲೇ ಇಲ್ಲ. ಕರ್ನಾಟಕ ತಂಡವೂ ಕೈಬಿಟ್ಟಿತು. ವಿದರ್ಭಕ್ಕೆ ಹೋಗಿ ಆಡಿದರು. ವರ್ಷಗಟ್ಟಲೆ ನೆಟ್‌ನಲ್ಲಿ ಬೆವರು ಸುರಿಸುತ್ತಾ ಒಂದು ಕರೆಗೆ ಕಾದ ಮನುಷ್ಯ. 2024ರಲ್ಲಿ ಜೆಡ್ಡಾದ ಐಪಿಎಲ್ ಹರಾಜಿಗೆ ಹೆಸರು ಕೊಟ್ಟಾಗ ನೀವೇನು ಮಾಡಿದಿರಿ? ಅನ್‌ಕ್ಯಾಪ್ಡ್ ಎಂದು ಮುದ್ರೆ ಒತ್ತಿದಿರಿ. ಐವತ್ತು ಲಕ್ಷಕ್ಕೆ ಹೋದರು. ಧೋನಿ ತಾವಾಗಿ ಬಿಟ್ಟರು, ತಮಗೆ ಬೇಕಾದ ದಿನ, ಬೇಕಾದ ಹಾಡು ಹಾಕಿಕೊಂಡು. ಕರುಣ್ ಬಿಡಲಿಲ್ಲ, ಅವರನ್ನು ಬಿಟ್ಟರು. ಆಡಿಸದೇ ಇದ್ದವರು ಮಂಡಳಿಯವರು, ಆಡಿಲ್ಲ ಅಂತ ಬರೆದುಕೊಂಡವರೂ ಅವರೇ. ಒಬ್ಬರಿಗೆ ಒಲವು ತೋರಿಸೋಕೆ ಬರೆದ ಎರಡು ಸಾಲು ಇನ್ನೊಬ್ಬರ ಮುನ್ನೂರು ರನ್ನನ್ನು ಲೆಕ್ಕದಿಂದ ಅಳಿಸಿಹಾಕುತ್ತೆ ಅನ್ನೋದು ಸಭೆಯಲ್ಲಿ ಕೂತ ಒಬ್ಬರಿಗಾದರೂ ಹೊಳೀಬೇಕಿತ್ತು. ಹೊಳೀಲಿಲ್ಲ. ಯಾಕೆಂದರೆ ಸಭೆ ಸೇರಿದ್ದು ಕರುಣ್ ನಾಯರ್‌ಗಾಗಿ ಅಲ್ಲ.

ನಿಯಮ: ...

ನಾನು: ಮಾತಾಡಿ.

ನಿಯಮ: ಮರುವರ್ಷವೇ ಇಂಗ್ಲೆಂಡಿಗೆ ಕರ್ಕೊಂಡು ಹೋಗಿ ಟೆಸ್ಟ್ ಆಡಿಸಿದ್ರಲ್ಲ.

ನಾನು: ಅದು ನಿಮ್ಮ ದಯೆಯಿಂದಲ್ಲ. ವಿಜಯ್ ಹಜಾರೆಯಲ್ಲಿ 779 ರನ್ ಹೊಡೆದರು, ಅದಕ್ಕೆ.

ನಿಯಮ: ನನ್ನನ್ನ ಬರೆದೋರು ಬೇರೆ ಸ್ವಾಮಿ. ನನಗೆ ಬಯ್ದರೆ ಏನು ಬಂತು? ನಾನೂ ಕೈಬಿಡಿಸಿಕೊಂಡೋನೇ. 2021ರಲ್ಲಿ...

ನಾನು: ಶಾಲು, ಹಣ್ಣಿನ ಬುಟ್ಟಿ. ಗೊತ್ತಾಯ್ತು. ಕಡೆಯ ಪ್ರಶ್ನೆ. ಚೆನ್ನೈನವರು ಸಂಜು ಸ್ಯಾಮ್ಸನ್ ಅವರನ್ನು ತಂದಿದ್ದಾರೆ, ಹತ್ತೊಂಬತ್ತರ ಕಾರ್ತಿಕ್ ಶರ್ಮಾಗೆ 14.20 ಕೋಟಿ ಸುರಿದಿದ್ದಾರೆ. ಇಬ್ಬರೂ ವಿಕೆಟ್‌ಕೀಪರ್‌ಗಳು. ಧೋನಿ ಹೋದ ಮೇಲೆ ನಿಮ್ಮನ್ನು ಮತ್ತೆ ಹೂಳ್ತಾರೆ, ಅಲ್ವಾ?

ನಿಯಮ: (ಮೊದಲ ಬಾರಿ ನಗುತ್ತಾ) ಅಷ್ಟು ಸುಲಭ ಅಲ್ಲ. ಮುಂದಿನ ಗಿರಾಕಿ ಲೆಕ್ಕ ಹಾಕಿಟ್ಟಿದ್ದೀನಿ. ನಿಮ್ಮೂರಿನವರೇ.

ನಾನು: ಯಾರು?

ನಿಯಮ: ಕೊಹ್ಲಿ. 2027ರ ವಿಶ್ವಕಪ್ ಆಡಿ ಬ್ಯಾಟ್ ಕೆಳಗಿಟ್ರು ಅಂದ್ಕೊಳ್ಳಿ. 2028ರಿಂದ 2032, ಐದು ಕ್ಯಾಲೆಂಡರ್ ವರ್ಷ. 2033ರ ಸೀಸನ್ನಿಗೆ ಅವರು ಅನ್‌ಕ್ಯಾಪ್ಡ್. ವಯಸ್ಸು ನಲವತ್ನಾಲ್ಕು.

ನಾನು: ಇಪ್ಪತ್ತೊಂದು ಕೋಟಿಯ ಕೊಹ್ಲಿ... ನಾಲ್ಕು ಕೋಟಿಗಾ?

ನಿಯಮ: ನಾಲ್ಕು ಕೋಟಿಗೆ. ಹದಿನೇಳು ಉಳಿತಾಯ.

ನಾನು: (ಕುರ್ಚಿ ಹತ್ತಿರ ಎಳೆದುಕೊಂಡು) ಅನುಭವಕ್ಕೂ ಒಂದು ಬೆಲೆ ಅಂತ ಇರುತ್ತಲ್ವಾ? ಡ್ರೆಸಿಂಗ್ ರೂಮಿನಲ್ಲಿ ಹಿರಿಯರೊಬ್ಬರು ಇದ್ದರೆ ಹುಡುಗರಿಗೂ ಒಳ್ಳೇದು. ಐದು ವರ್ಷ ಅನ್ನೋದನ್ನ ಮೂರಕ್ಕೆ ಇಳಿಸೋಕೆ ಅರ್ಜಿ ಎಲ್ಲಿ ಕೊಡಬೇಕು? ಸಭೆ ಬೆಂಗಳೂರಿನಲ್ಲೇ ಇಟ್ಟುಕೊಳ್ಳಲಿ, ಊಟದ ವ್ಯವಸ್ಥೆ ನನ್ನದು. ಆ ಹದಿನೇಳು ಕೋಟಿಗೆ ನಮ್ಮ ಹುಬ್ಬಳ್ಳಿ, ರಾಯಚೂರು, ಶಿವಮೊಗ್ಗದ ಎಷ್ಟು ಹುಡುಗರನ್ನ ತಗೋಬಹುದು, ಲೆಕ್ಕ ಹಾಕಿ!

ನಿಯಮ: ಆ ಹದಿನೇಳು ಕೋಟಿಗೆ ಇಂಗ್ಲೆಂಡಿನವರನ್ನ ತರ್ತಾರೆ ಸ್ವಾಮಿ.